ಫಾರ್ವರ್ಡ್ ಬಿಟ್ಟು ಪ್ರಶ್ನೆ ಹಾಕಿ: ಶಿಕ್ಷಕರ ಮೊಬೈಲ್‌ಗೆ ಒಂದು ಕೈಪಿಡಿ

ಜುಲೈ ತಿಂಗಳ ಮಳೆಯಲ್ಲಿ ಸಕಲೇಶಪುರ ಕಡೆಯ ಯಾವ ಶಿಕ್ಷಕರ ಮೊಬೈಲ್ ತೆರೆದರೂ ಕಾಣುವುದು ಇಷ್ಟು. ಬೆಳಿಗ್ಗೆ ಆರೂವರೆಗೆ ‘ಇವತ್ತು ರಜೆಯೇ?’ ಎಂಬ ಪ್ರಶ್ನೆ. ಅದರ ಬೆನ್ನಿಗೇ ಕಳೆದ ವರ್ಷದ ರಜೆ ಆದೇಶದ ಪ್ರತಿ. ಅದು ಹಳೆಯದೆಂದು ಇನ್ನೊಬ್ಬರ ಜಗಳ. ಕಾಡಾನೆಗಳು ಯಾವ ಎಸ್ಟೇಟ್ ದಾಟಿದವೆಂಬ ಎಚ್ಚರಿಕೆ. ಬಿಸಿಯೂಟದ ಸಂಖ್ಯೆಯನ್ನು ಹನ್ನೊಂದರೊಳಗೆ ಕಳುಹಿಸಿ ಎಂಬ ಸೂಚನೆ. ನಡುವೆ ಗುಲಾಬಿ ಹೂವಿನ ಶುಭೋದಯಗಳು. ಆನೆಯ ಸಂದೇಶವೊಂದನ್ನು ಬಿಟ್ಟರೆ ಉಳಿದ ಯಾವುದನ್ನು ಓದದಿದ್ದರೂ ಆ ದಿನದ ಪಾಠಕ್ಕೆ ನಷ್ಟವಿಲ್ಲ.

ನಾನು ಹಾಸನ ಜಿಲ್ಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಮೊದಲು ಅರಸೀಕೆರೆಯ ತೆಂಗಿನ ಸಾಲುಗಳ ಕಡೆ, ಈಗ ಮಲೆನಾಡಿನ ಕಾಫಿ ಗಿಡಗಳ ನಡುವೆ. ಎರಡೂ ಕಡೆ ಮೊಬೈಲನ್ನು ವರ್ಷಗಟ್ಟಲೆ ತಪ್ಪಾಗಿಯೇ ಬಳಸಿದೆ. ಪಾಠ ಯೋಜನೆ, ಪ್ರಶ್ನೆಪತ್ರಿಕೆ, ವಿಡಿಯೊ, ಏನು ಬಂದರೂ ಮುಂದಕ್ಕೆ ದಾಟಿಸುವುದನ್ನೇ ವೃತ್ತಿನಿಷ್ಠೆ ಎಂದುಕೊಂಡಿದ್ದೆ. ದಾಟಿಸಿದ್ದರಲ್ಲಿ ನಾನು ತೆರೆದು ನೋಡಿದ್ದು ಹತ್ತಕ್ಕೆ ಒಂದೂ ಇರಲಿಲ್ಲ. ನನ್ನ ಪಾಠ ನಿಜವಾಗಿ ಬದಲಾದದ್ದು ಮೂರು ಕೆಲಸಗಳು ಒಂದರ ಹಿಂದೆ ಒಂದು ನಡೆದಾಗ: ನನ್ನ ತರಗತಿಯದ್ದೇ ಪ್ರಶ್ನೆಯನ್ನು ಕೇಳಿದಾಗ, ಬಂದ ಉಪಾಯವನ್ನು ಮಾಡಿ ನೋಡಿದಾಗ, ಏನಾಯಿತೆಂದು ಮರಳಿ ಬಂದು ಹೇಳಿದಾಗ. ಮೂರನೆಯದನ್ನು ನಾವು ಹೆಚ್ಚಿನವರು ಮಾಡುವುದೇ ಇಲ್ಲ. ಈ ಲೇಖನದ ಹೆಚ್ಚಿನ ಭಾಗ ಅದಕ್ಕಾಗಿಯೇ ಇದೆ.

ಶಿಕ್ಷಕರು ಶಿಕ್ಷಕರಿಂದ ಕಲಿಯುವುದು ಮೊಬೈಲ್ ತಂದ ಹೊಸ ಸಂಗತಿಯೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿ ಆರಂಭವಾದದ್ದು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ ಕಣ್ಣಾರೆ ಕಂಡು ಬಂದ ಮೇಲೆ. ಅವರು ಬಸ್ಸು ಹತ್ತಿ ಹೋದ ಹಾಗೆ ನಾವು ಮೊಬೈಲ್ ಮೂಲಕ ಇನ್ನೊಬ್ಬರ ತರಗತಿಯೊಳಗೆ ಹೋಗಬಹುದು. ಮೊದಲು ಬಾಗಿಲಿನ ಮುಂದೆ ಬಿದ್ದಿರುವ ಕಸವನ್ನು ತೆಗೆಯಬೇಕು.

ಒಂದು: ಮೊಬೈಲನ್ನು ಗುಡಿಸಿ

ಒಂದು ಭಾನುವಾರ ಕುಳಿತು ನೀವಿರುವ ವಾಟ್ಸ್ಆ್ಯಪ್ ಗುಂಪುಗಳನ್ನೆಲ್ಲ ಎಣಿಸಿ. ಎಣಿಕೆಯೇ ನಿಮ್ಮನ್ನು ಬೆಚ್ಚಿಬೀಳಿಸುತ್ತದೆ. ಅವುಗಳನ್ನು ಮೂರು ರಾಶಿ ಮಾಡಿ. ಮೊದಲನೆಯದು ಆದೇಶದ ರಾಶಿ: ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಕೂಟ), ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ, ಮಕ್ಕಳ ದಾಖಲೆಯ ಸ್ಯಾಟ್ಸ್ ತಂತ್ರಾಂಶ, ಬಿಸಿಯೂಟ, ಚುನಾವಣೆ ಕೆಲಸ. ಇವುಗಳಿಂದ ಹೊರಬರಲಾಗದು, ಆದರೆ ಸದ್ದಡಗಿಸಬಹುದು. ಪ್ರಾರ್ಥನೆಗೆ ಮುಂಚೆ ಒಮ್ಮೆ, ಶಾಲೆ ಬಿಟ್ಟ ಮೇಲೆ ಒಮ್ಮೆ ನೋಡಿದರೆ ಯಾವ ಮಾಹಿತಿಯೂ ತಪ್ಪಿಹೋಗುವುದಿಲ್ಲ. ನಿಜಕ್ಕೂ ತುರ್ತಿದ್ದರೆ ಫೋನು ಬಂದೇ ಬರುತ್ತದೆ.

ಎರಡನೆಯದು ಬಳಗದ ರಾಶಿ. ಬಿ.ಇಡಿ. ಗೆಳೆಯರು, ನೇಮಕಾತಿ ತಂಡದವರು, ಸಂಘ, ಮನೆಯವರು. ಅದು ನಿಮ್ಮ ಖಾಸಗಿ ಸಂತೋಷ, ನಾನು ಬಾಯಿ ಹಾಕುವುದಿಲ್ಲ.

ಮೂರನೆಯದು ಕಲಿಕೆಯ ರಾಶಿ. ಇದರಲ್ಲಿ ಸತ್ತ ಗುಂಪುಗಳೇ ಹೆಚ್ಚು. ಯಾವುದೋ ಐದು ದಿನದ ತರಬೇತಿಯ ಕೊನೆಯ ಸಂಜೆ ಹುಟ್ಟಿ, ಗುಂಪು ಫೋಟೊ ಬಂದ ಮೇಲೆ ಉಸಿರು ನಿಲ್ಲಿಸಿದವು. ದಾಕ್ಷಿಣ್ಯಕ್ಕೆ ಉಳಿದಿದ್ದರೆ ಹೊರಬನ್ನಿ. 2022ರಿಂದ ವಾಟ್ಸ್ಆ್ಯಪ್‌ನಲ್ಲಿ ಯಾರಾದರೂ ಗುಂಪು ಬಿಟ್ಟರೆ ಅದರ ಸೂಚನೆ ಅಡ್ಮಿನ್‌ಗೆ ಮಾತ್ರ ಹೋಗುತ್ತದೆ, ಊರಿಗೆಲ್ಲ ಡಂಗುರ ಬೀಳುವುದಿಲ್ಲ. ಫೋಟೊ, ವಿಡಿಯೊ ತಾನಾಗಿ ಇಳಿಯುವ ಸೌಲಭ್ಯವನ್ನೂ ನಿಲ್ಲಿಸಿ. ಘಟ್ಟದ ಅಂಚಿನ ಊರುಗಳಲ್ಲಿ ನೆಟ್‌ವರ್ಕ್ ಬರುವುದೇ ಅಪರೂಪ. ಬಂದ ಅರ್ಧ ಗಂಟೆಯನ್ನೂ ಗುಲಾಬಿ ಹೂವುಗಳು ತಿಂದುಬಿಟ್ಟರೆ ಪಾಠದ ವಿಡಿಯೊ ಎಲ್ಲಿಂದ ಇಳಿಯಬೇಕು?

ಎರಡು: ಪ್ರಶ್ನೆಗೆ ಸಾಣೆ ಹಿಡಿಯಿರಿ

‘ಆರನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಅರ್ಥವಾಗುತ್ತಿಲ್ಲ, ಏನು ಮಾಡುವುದು?’ ನಾನು ಮೊದಲು ಹೀಗೆ ಕೇಳುತ್ತಿದ್ದೆ. ಬರುತ್ತಿದ್ದ ಉತ್ತರಗಳು: ‘ಚಟುವಟಿಕೆ ಮಾಡಿಸಿ ಸರ್’, ‘ಬುನಾದಿ ಗಟ್ಟಿ ಇಲ್ಲ’, ಒಂದು ಕೈಮುಗಿಯುವ ಚಿತ್ರ, ಮತ್ತೊಂದು ನಲವತ್ತು ಪುಟದ ಪಿಡಿಎಫ್. ತಪ್ಪು ಅವರದಲ್ಲ. ಬೀಸುಬೀಸಾದ ಪ್ರಶ್ನೆಗೆ ಬೀಸುಬೀಸಾದ ಉತ್ತರವಲ್ಲದೆ ಬೇರೇನು ಬರಲು ಸಾಧ್ಯ?

ಈಗ ಹೀಗೆ ಬರೆಯುತ್ತೇನೆ:

‘ಆರನೆಯ ತರಗತಿ, ಭಿನ್ನರಾಶಿಗಳ ಸಂಕಲನ. ಅರ್ಧಕ್ಕಿಂತ ಹೆಚ್ಚು ಮಕ್ಕಳು 1/2 + 1/3 = 2/5 ಎಂದು ಬರೆಯುತ್ತಾರೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುತ್ತಾರೆ. ಲ.ಸಾ.ಅ. ತೆಗೆಯುವ ಕ್ರಮವನ್ನು ಎರಡು ಸಲ ಹೇಳಿಕೊಟ್ಟೆ. ಹಲಗೆಯ ಮೇಲೆ ಸರಿಯಾಗಿ ಮಾಡುತ್ತಾರೆ, ಮರುದಿನ ಮತ್ತೆ 2/5. ಕ್ರಮ ಕಲಿಸುವ ಮೊದಲು, ಇದು ತಪ್ಪೆಂದು ಅವರಿಗೇ ಕಾಣುವಂತೆ ಮಾಡಲು ನೀವು ಏನು ಮಾಡುತ್ತೀರಿ?’

ಜೊತೆಗೆ ಒಂದು ನೋಟ್‌ಪುಸ್ತಕದ ಹಾಳೆಯ ಫೋಟೊ, ಹೆಸರು ಕಾಣದಂತೆ.

ಇಂಥ ಪ್ರಶ್ನೆಯಲ್ಲಿ ನಾಲ್ಕು ಸಂಗತಿಗಳಿರಬೇಕು: ಯಾವ ತರಗತಿಯ ಯಾವ ಘಟಕ, ಮಕ್ಕಳು ಮಾಡುವ ತಪ್ಪಿನ ನಿಖರ ರೂಪ, ನೀವು ಈಗಾಗಲೇ ಏನು ಮಾಡಿ ಸೋತಿರಿ, ಯಾವ ಬಗೆಯ ಸಹಾಯ ಬೇಕು. ಮೂರನೆಯದನ್ನು ಬರೆಯುವಾಗ ಕೈ ತಡೆಯುತ್ತದೆ. ಸೋತೆ ಎಂದು ಬರೆಯುವುದು ನಮ್ಮ ವೃತ್ತಿಯಲ್ಲಿ ಅಭ್ಯಾಸವಿಲ್ಲದ ಕೆಲಸ. ಆದರೆ ಉತ್ತರ ಕೊಡುವವರಿಗೆ ಧೈರ್ಯ ಬರುವುದು ಆ ಸಾಲಿನಿಂದಲೇ.

ಆ ಪ್ರಶ್ನೆಗೆ ಬಂದ ಉತ್ತರವನ್ನು ಇಲ್ಲಿ ಪೂರ್ತಿ ಹೇಳಬೇಕು, ಏಕೆಂದರೆ ಅದು ನನ್ನ ಪಾಠವನ್ನೇ ತಿರುಗಿಸಿತು. ಹಿರಿಯ ಶಿಕ್ಷಕಿಯೊಬ್ಬರು ಬರೆದರು: ಬರೆಸಬೇಡಿ, ಮೊದಲು ಬಾಯಲ್ಲಿ ಕೇಳಿ. ಅರೆ ಅಕ್ಕಿರೊಟ್ಟಿಗೆ ಕಾಲು ರೊಟ್ಟಿ ಸೇರಿಸಿದರೆ ಎಷ್ಟು? ಮಕ್ಕಳು ಮುಕ್ಕಾಲು ಎನ್ನುತ್ತಾರೆ. ಮುಕ್ಕಾಲು ಎಂದರೇನು? ಮೂರು ಕಾಲು. ಉತ್ತರ ಪದದೊಳಗೇ ಕುಳಿತಿದೆ. ಈಗ ಅದನ್ನೇ ಅವರ ಕ್ರಮದಲ್ಲಿ ಬರೆಯಲು ಹೇಳಿ: 1/2 + 1/4 = 2/6. ಆರು ತುಂಡು ಮಾಡಿದ ರೊಟ್ಟಿಯಲ್ಲಿ ಎರಡು ತುಂಡು. ಅರೆ ರೊಟ್ಟಿಯೆಂದರೆ ಮೂರು ತುಂಡು. ಅಂದರೆ ಕಾಲು ರೊಟ್ಟಿಯನ್ನು ಸೇರಿಸಿದ ಮೇಲೆ ರೊಟ್ಟಿ ಕಡಿಮೆಯಾಯಿತೇ? ಈ ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲಿ ಎಂದಿದ್ದರು.

ನಿಂತೆ. ತರಗತಿಯಲ್ಲಿ ಗದ್ದಲವೆದ್ದಿತು. ಒಬ್ಬ ಹುಡುಗ ‘ಯಾರೋ ತಿಂದಿದ್ದಾರೆ’ ಎಂದ.

ಮೂರು: ಕೇಳುವ ಜಾಗ ಯಾವುದು

ಆದೇಶದ ಗುಂಪಿನಲ್ಲಿ ಈ ಪ್ರಶ್ನೆ ಕೇಳಬೇಡಿ. ಅಧಿಕಾರಿಗಳಿರುವ ಕಡೆ ಸಣ್ಣ ಅನುಮಾನವೂ ತಪ್ಪೊಪ್ಪಿಗೆಯಂತೆ ಕಾಣುತ್ತದೆ, ಉತ್ತರಗಳೂ ಅಧಿಕಾರಿಗಳ ಕಣ್ಣಿಗೆ ಚೆನ್ನಾಗಿ ಕಾಣುವಂತೆ ಬರುತ್ತವೆ. ಬೇಕಾದದ್ದು ಆರರಿಂದ ಹತ್ತು ಜನರ ಪುಟ್ಟ ಗುಂಪು. ವಾಟ್ಸ್ಆ್ಯಪ್ 1024 ಜನರಿಗೆ ಅವಕಾಶ ಕೊಡುತ್ತದೆ ನಿಜ. ಆದರೆ ಸಾವಿರ ಜನರ ಮುಂದೆ ಯಾರೂ ‘ನನಗೆ ಬರುವುದಿಲ್ಲ’ ಎನ್ನುವುದಿಲ್ಲ.

ಯಾರನ್ನು ಸೇರಿಸಬೇಕು? ಒಂದೇ ವಿಷಯದವರನ್ನು, ಆದರೆ ಒಂದೇ ಬಗೆಯ ಊರಿನವರನ್ನಲ್ಲ. ನಮ್ಮ ಜಿಲ್ಲೆಯ ಸೊಗಸೇ ಅದು. ಅರಸೀಕೆರೆ, ಚನ್ನರಾಯಪಟ್ಟಣ ಬಯಲುಸೀಮೆ. ಆಲೂರು, ಸಕಲೇಶಪುರ ಮಲೆನಾಡು. ಪಕ್ಕದ ಚಿಕ್ಕಮಗಳೂರಿನಲ್ಲೂ ಹಾಗೆಯೇ, ಕಡೂರಿನ ತರಗತಿಗೂ ಶೃಂಗೇರಿಯ ತರಗತಿಗೂ ಅಜಗಜಾಂತರ. ಕಾಫಿ ತೋಟದ ಶಾಲೆಯಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳು ಕನ್ನಡದ ಒಂದು ಪದವೂ ಬಾರದೆ ಬಂದು ಕೂರುತ್ತಾರೆ. ಬಯಲಿನ ಶಿಕ್ಷಕರಿಗೆ ಈ ಕಷ್ಟ ಹೊಸದು, ಆದ್ದರಿಂದಲೇ ಅವರ ಪ್ರಶ್ನೆಗಳು ತಾಜಾ ಆಗಿರುತ್ತವೆ. ಇಂಥ ಮಕ್ಕಳ ವಿಷಯಕ್ಕೇ ಒಮ್ಮೆ ಚರ್ಚೆಯಾಗಿ ನಮಗೆ ಸ್ಟೋರಿವೀವರ್ ಸಿಕ್ಕಿತು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಈ ತಾಣದಲ್ಲಿ ಚಿತ್ರಕಥೆಗಳು ಹಲವು ಭಾಷೆಗಳಲ್ಲಿವೆ, ಬಳಕೆಗೆ ಮುಕ್ತವಾಗಿವೆ. ಒಂದೇ ಚಿತ್ರದ ಕಥೆಯನ್ನು ಅಸ್ಸಾಮಿಯಲ್ಲೂ ಕನ್ನಡದಲ್ಲೂ ಅಕ್ಕಪಕ್ಕ ಇಟ್ಟು ಓದಿಸಬಹುದು.

ಗುಂಪಿನ ನಿಯಮಗಳನ್ನು ಮೊದಲ ದಿನವೇ ಬರೆದು ಪಿನ್ ಮಾಡಿ. ನಮ್ಮದು ಮೂರೇ ಇವೆ. ಶುಭಾಶಯ ಇಲ್ಲ, ಹುಟ್ಟುಹಬ್ಬಕ್ಕೂ ಇಲ್ಲ. ತಾನು ತರಗತಿಯಲ್ಲಿ ಬಳಸದ ಯಾವುದನ್ನೂ ಹಂಚುವಂತಿಲ್ಲ. ವಾರಕ್ಕೆ ಒಂದೇ ಪ್ರಶ್ನೆ. ಎರಡನೆಯ ನಿಯಮ ಬಂದ ಮೇಲೆ ಗುಂಪಿನ ಸಂದೇಶಗಳು ಎಷ್ಟು ಇಳಿದವೆಂದರೆ, ಗುಂಪು ಕೆಟ್ಟುಹೋಯಿತೇನೋ ಎಂದು ಒಬ್ಬರು ನನಗೆ ಫೋನ್ ಮಾಡಿದರು.

ಮಾತುಕತೆಗೆ ಶನಿವಾರ ಮಧ್ಯಾಹ್ನವೇ ಒಳ್ಳೆಯದು. ಬೆಳಗಿನ ಶಾಲೆ ಮುಗಿದಿರುತ್ತದೆ, ವಾರದ ಸೋಲು ಇನ್ನೂ ಬಿಸಿಯಾಗಿರುತ್ತದೆ, ಸೋಮವಾರಕ್ಕೆ ಸಿದ್ಧವಾಗಲು ಒಂದು ದಿನ ಸಿಗುತ್ತದೆ.

ಉಳಿದ ತಾಣಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಟೆಲಿಗ್ರಾಂ ಕಡತಗಳಿಗೆ ಒಳ್ಳೆಯದು: 2 ಜಿಬಿವರೆಗಿನ ಕಡತ ಹೋಗುತ್ತದೆ, ಹೊಸದಾಗಿ ಸೇರಿದವರಿಗೂ ಹಳೆಯ ಸಂದೇಶ ಸಿಗುವಂತೆ ಇಡಬಹುದು. ಆದರೆ ಅಲ್ಲಿ ಕದ್ದ ಪುಸ್ತಕಗಳ, ‘ಸೋರಿಕೆಯಾದ ಪ್ರಶ್ನೆಪತ್ರಿಕೆ’ಗಳ ಸಂತೆಯೂ ಇದೆ, ಅತ್ತ ಕಾಲಿಡಬೇಡಿ. ಫೇಸ್‌ಬುಕ್ ಗುಂಪುಗಳು ದೂರದ ಜಿಲ್ಲೆಯವರ ಪರಿಚಯಕ್ಕೆ ಉಪಯೋಗ. ಬೀದರ್‌ನ ಶಿಕ್ಷಕರೊಬ್ಬರು ಅದೇ ಪಾಠವನ್ನು ಹೇಗೆ ಮಾಡುತ್ತಾರೆಂದು ತಿಳಿಯುವುದು ಅಲ್ಲೇ. ಯೂಟ್ಯೂಬ್ ನೋಡಲು ಸರಿ, ಚರ್ಚೆಗೆ ಅಲ್ಲ. ಇನ್‌ಸ್ಟಾಗ್ರಾಂ ರೀಲುಗಳಲ್ಲಿ ತರಗತಿಯ ಗೋಡೆಗಳು ಬಹಳ ಚೆಂದ ಕಾಣುತ್ತವೆ. ಗೋಡೆಯ ವಿಷಯದಲ್ಲಿ ಅಸೂಯೆಪಡುವುದನ್ನು ಬಿಟ್ಟರೆ ನನಗೆ ಅಲ್ಲಿಂದ ಹೆಚ್ಚೇನೂ ದಕ್ಕಲಿಲ್ಲ.

ನಾಲ್ಕು: ಮಾಡಿ ನೋಡಿ, ಮರಳಿ ಬಂದು ಹೇಳಿ

ರೊಟ್ಟಿಯ ಪಾಠದ ನಂತರ ‘ಧನ್ಯವಾದ ಮೇಡಂ, ತುಂಬಾ ಚೆನ್ನಾಗಿತ್ತು’ ಎಂದು ಬರೆದು ಮುಗಿಸಬಹುದಿತ್ತು. ಹಿಂದಿನ ನಾನು ಅದನ್ನೇ ಮಾಡುತ್ತಿದ್ದೆ. ಈ ಸಲ ನಡೆದದ್ದನ್ನು ನಡೆದಂತೆ ಬರೆದೆ: ಮುಕ್ಕಾಲಿನವರೆಗೆ ಚೆನ್ನಾಗಿ ಹೋಯಿತು, 1/2 + 1/3ಕ್ಕೆ ಬಂದಾಗ ಮಕ್ಕಳು ನಿಂತರು. ಅರೆ, ಕಾಲು, ಮುಕ್ಕಾಲು ನಮ್ಮ ಮಾತಿನಲ್ಲಿವೆ. ಮೂರರಲ್ಲೊಂದಕ್ಕೆ ಅಂಥ ಒಂಟಿ ಪದ ಅವರ ಬಾಯಲ್ಲಿಲ್ಲ. ರೊಟ್ಟಿಯನ್ನು ಮೂರು ಸಮಭಾಗ ಮಾಡುವುದೂ ಕಷ್ಟ.

ಆ ‘ನಿಂತರು’ ಎಂಬ ಪದಕ್ಕೆ ಕಡೂರು ಕಡೆಯಿಂದ ಉತ್ತರ ಬಂತು. ರೊಟ್ಟಿ ಬಿಡಿ, 12 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ ಕೊಡಿ. ಅದರ ಅರ್ಧ 6, ಮೂರರಲ್ಲೊಂದು 4, ಎರಡೂ ಸೇರಿ 10. ಹನ್ನೆರಡರಲ್ಲಿ ಹತ್ತು. ಆಮೇಲೆ 10 ಸೆಂಟಿಮೀಟರ್ ಪಟ್ಟಿ ಕೊಟ್ಟು ಇದರಲ್ಲಿ ಏಕೆ ತೊಡಕಾಗುತ್ತದೆ ಎಂದು ಕೇಳಿ. ಕೊನೆಗೆ, ಎರಡಕ್ಕೂ ಮೂರಕ್ಕೂ ಸರಿಹೊಂದುವ ಎಲ್ಲಕ್ಕಿಂತ ಚಿಕ್ಕ ಪಟ್ಟಿಯನ್ನು ಹುಡುಕಲು ಹೇಳಿ.

6 ಸೆಂಟಿಮೀಟರ್ ಸಾಕು ಎಂದು ಹಿಂದಿನ ಬೆಂಚಿನ ಹುಡುಗಿ ಹೇಳಿದಳು. ಮೂರು ಮತ್ತು ಎರಡು ಐದು, ಆರರಲ್ಲಿ ಐದು. ನಾನು ಎರಡು ಸಲ ಹೇಳಿಕೊಟ್ಟು ಸೋತಿದ್ದ ಲ.ಸಾ.ಅ. ಅವಳ ಅಳತೆಪಟ್ಟಿಯ ಮೇಲೆ ತಾನಾಗಿ ಬಂದು ಕುಳಿತಿತ್ತು. ಇದನ್ನೂ ಗುಂಪಿಗೆ ಬರೆದೆ. ಆಗ ರೊಟ್ಟಿಯ ಶಿಕ್ಷಕಿ, ತಾವು ಇಷ್ಟು ವರ್ಷ ಮುಕ್ಕಾಲಿನಲ್ಲೇ ನಿಲ್ಲಿಸುತ್ತಿದ್ದುದಾಗಿ ಹೇಳಿ ಮುಂದಿನ ವಾರ ಪಟ್ಟಿಯನ್ನು ಬಳಸಿದರು. ನಾನು ಧನ್ಯವಾದಕ್ಕೇ ನಿಲ್ಲಿಸಿದ್ದರೆ ಈ ಎರಡನೆಯ ಅರ್ಧ ಯಾರಿಗೂ ಸಿಗುತ್ತಿರಲಿಲ್ಲ.

ಮರಳಿ ಹೇಳುವ ಸಂದೇಶ ಉದ್ದವಾಗಬೇಕಿಲ್ಲ. ಏನು ಮಾಡಿದೆ, ಎಲ್ಲಿ ಬದಲಿಸಿಕೊಂಡೆ, ಮಕ್ಕಳು ಏನು ಅಂದರು ಅಥವಾ ಬರೆದರು, ಎಲ್ಲಿ ಕೆಟ್ಟಿತು. ಮಕ್ಕಳ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ. ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂಬ ವರದಿಯ ಭಾಷೆಯಿಂದ ಯಾರಿಗೂ ಏನೂ ತಿಳಿಯದು. ಟೈಪ್ ಮಾಡುವುದು ಬೇಸರವೆನಿಸಿದರೆ ಕೀಲಿಮಣೆಯ ಧ್ವನಿ ಸೌಲಭ್ಯವನ್ನು ಬಳಸಿ. ಕನ್ನಡವನ್ನು ಈಗ ಸಾಕಷ್ಟು ಚೆನ್ನಾಗಿ ಬರೆದುಕೊಳ್ಳುತ್ತದೆ. ‘ಛೇದ’ವನ್ನು ಆಗಾಗ ‘ಖೇದ’ ಮಾಡುತ್ತದೆ, ಭಿನ್ನರಾಶಿಯ ಮಟ್ಟಿಗೆ ಅದೂ ಸರಿಯೇ.

ಐದು: ಸಿಕ್ಕಿದ್ದನ್ನು ಎತ್ತಿಡಿ

ಗುಂಪಿನಲ್ಲಿ ಬಂದ ಒಳ್ಳೆಯದು ನಾಲ್ಕು ದಿನದಲ್ಲಿ ಮೇಲೆ ಸರಿದು ಮಾಯವಾಗುತ್ತದೆ. ಸಂದೇಶಕ್ಕೆ ನಕ್ಷತ್ರ ಹಾಕುವುದು ಮೊದಲ ಹೆಜ್ಜೆ, ಅದು ಸಾಲದು. ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಸಂದೇಶ ಕಳುಹಿಸಿಕೊಳ್ಳುವ ಸೌಲಭ್ಯವಿದೆ. ಉಪಯುಕ್ತವಾದದ್ದನ್ನು ‘6-ಗಣಿತ-ಭಿನ್ನರಾಶಿ’ ಎಂಬಂಥ ತಲೆಬರಹ ಕೊಟ್ಟು ಅಲ್ಲಿಗೆ ಹಾಕಿ. ಮುಂದಿನ ವರ್ಷ ಹುಡುಕಿದರೆ ಒಂದೇ ಏಟಿಗೆ ಸಿಗುತ್ತದೆ. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಉಚಿತವಾಗಿ ಸಿಗುವುದರಿಂದ ಹಾಳೆಗಳನ್ನು ತರಗತಿವಾರು ಅಲ್ಲಿಡಬಹುದು.

ಇಲ್ಲೊಂದು ನಮ್ಮ ನಾಡಿನದ್ದೇ ಆದ ರೋಗದ ಬಗ್ಗೆ ಹೇಳಲೇಬೇಕು. ಯಾರೋ ಕಷ್ಟಪಟ್ಟು ಮಾಡಿದ ಕಲಿಕಾ ಹಾಳೆ ವರ್ಡ್ ಕಡತದಲ್ಲಿ ಬರುತ್ತದೆ. ಮೊಬೈಲ್‌ನಲ್ಲಿ ತೆರೆದರೆ ಬಿದ್ದು ಒಡೆದ ಅಕ್ಷರಗಳು, ಇಂಗ್ಲಿಷಿನ ಚಿಹ್ನೆಗಳ ಜಾತ್ರೆ. ಅದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು, ನಿಮ್ಮ ಮೊಬೈಲ್‌ನಲ್ಲಿ ಆ ಫಾಂಟ್ ಇಲ್ಲ. ಆದ್ದರಿಂದ ಹಂಚುವವರು ಯಾವ ಮೊಬೈಲ್‌ನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ಕಡತಗಳಿದ್ದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾಡಿಸಿ ಸರಿಪಡಿಸಿ. ಓದಲು ಪಿಡಿಎಫ್, ತಿದ್ದಲು ಮೂಲ ಕಡತ, ಎರಡನ್ನೂ ಕಳುಹಿಸಿ. ತಿದ್ದಲಾಗದ ಹಾಳೆಯನ್ನು ಇನ್ನೊಬ್ಬರು ತಮ್ಮ ತರಗತಿಗೆ ಒಗ್ಗಿಸಿಕೊಳ್ಳುವುದು ಹೇಗೆ? ಮಾಡಿದವರ ಹೆಸರನ್ನು ಅಳಿಸಿ ತಮ್ಮ ಹೆಸರನ್ನು ಹಾಕಿಕೊಳ್ಳುವ ಮಹಾನುಭಾವರೂ ಇದ್ದಾರೆ. ಅವರಿಗೆ ಇಲ್ಲಿ ಸಲಹೆ ಕೊಡಲು ಜಾಗ ಸಾಲದು.

ಆರು: ಮಗುವಿನ ಮುಖ ನಿಮ್ಮ ಪೋಸ್ಟ್ ಅಲ್ಲ

ವರ್ಷಕ್ಕೆರಡು ಸಲ, ಮೌಲ್ಯಮಾಪನದ ಕಾಲದಲ್ಲಿ, ಒಂದು ಬಗೆಯ ಚಿತ್ರ ಎಲ್ಲ ಗುಂಪುಗಳಲ್ಲೂ ಓಡಾಡುತ್ತದೆ: ಮಗುವೊಂದು ಬರೆದ ತಪ್ಪುತಪ್ಪಾದ, ನಗು ಬರಿಸುವ ಉತ್ತರ. ಕೆಳಗೆ ಸಾಲುಸಾಲು ನಗುಮುಖ. ಹಿಂದೊಮ್ಮೆ ನಾನೂ ನಕ್ಕಿದ್ದೆ. ಆ ಹಾಳೆಯ ಮೂಲೆಯಲ್ಲಿ ಮಗುವಿನ ಹೆಸರು ಸ್ಪಷ್ಟವಾಗಿ ಕಾಣುತ್ತಿದ್ದುದನ್ನು ಒಬ್ಬರು ತೋರಿಸಿದ ಮೇಲೆ ನಗು ಬಾಯಲ್ಲೇ ಒಣಗಿತು. ಆ ಮಗುವಿನ ಅಪ್ಪನ ಕೈಯಲ್ಲೂ ವಾಟ್ಸ್ಆ್ಯಪ್ ಇದೆ. 2/5 ಎಂದು ಬರೆದ ಮಗು ನಮಗೆ ಕಲಿಸುತ್ತಿದೆ, ಹಾಸ್ಯ ಮಾಡುತ್ತಿಲ್ಲ.

ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು. 2012ರ ಪೋಕ್ಸೊ ಕಾಯ್ದೆಯು ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ಚಿತ್ರ, ಕುಟುಂಬ ಮಾತ್ರವಲ್ಲ, ಶಾಲೆಯ ಗುರುತನ್ನೂ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ‘ನಮ್ಮ ಪಕ್ಕದ ಶಾಲೆಯಲ್ಲಿ ಹೀಗಾಯಿತಂತೆ’ ಎಂದು ಗುಂಪಿನಲ್ಲಿ ಬರೆಯುವ ಮೊದಲು ಇದನ್ನು ನೆನಪಿಡಿ. ಅಂಥ ವಿಷಯ ಕಿವಿಗೆ ಬಿದ್ದರೆ ಹೋಗಬೇಕಾದ ದಾರಿ ಮಕ್ಕಳ ಸಹಾಯವಾಣಿ 1098 ಮತ್ತು ಪೊಲೀಸ್ ಠಾಣೆ, ವಾಟ್ಸ್ಆ್ಯಪ್ ಅಲ್ಲ.

ದಿನಬಳಕೆಗೆ ನನ್ನ ರೂಢಿ ಸರಳ: ಕೈಗಳನ್ನು, ನೋಟ್‌ಪುಸ್ತಕವನ್ನು, ಹಲಗೆಯನ್ನು, ಮಾಡಿದ ಮಾದರಿಯನ್ನು ಮಾತ್ರ ಫೋಟೊ ತೆಗೆಯುತ್ತೇನೆ. ಪಾಠದ ಚರ್ಚೆಗೆ ಮುಖ ಎಂದೂ ಬೇಕಾಗಿಲ್ಲ. ಹೆಸರಿನ ಮೇಲೆ ಬೆರಳಿಟ್ಟು ತೆಗೆದರೆ ಆಮೇಲೆ ಅಳಿಸುವ ಕೆಲಸವೂ ಇರುವುದಿಲ್ಲ.

ಏಳು: ನೀವೇ ವಿಡಿಯೊ ಮಾಡುವುದಾದರೆ

ಎಲ್ಲರೂ ಮಾಡಬೇಕಿಲ್ಲ. ಈಗಾಗಲೇ ಇರುವುದನ್ನು ಇನ್ನೊಮ್ಮೆ ಮಾಡುವುದಂತೂ ಬೇಡವೇ ಬೇಡ. ನಿಮ್ಮ ಊರಿನಲ್ಲಿ ಮಾತ್ರ ಸಿಗುವುದು, ನಿಮಗೆ ಮಾತ್ರ ಹೊಳೆದದ್ದು ಇದ್ದರೆ ಮಾಡಿ.

ಉದಾಹರಣೆಗೆ ಆಮ್ಲ, ಪ್ರತ್ಯಾಮ್ಲಗಳ ಪಾಠ. ಲಿಟ್ಮಸ್ ಕಾಗದ ಶಾಲೆಯಲ್ಲಿ ಇಲ್ಲದಿರಬಹುದು, ಇದ್ದದ್ದು ಮಲೆನಾಡಿನ ತೇವಕ್ಕೆ ಹಾಳಾಗಿರಬಹುದು. ಆದರೆ ಆರತಿ ನೋಡದ ಮಗು ನಮ್ಮಲ್ಲಿ ಸಿಗುವುದಿಲ್ಲ. ಆರತಿ ತಟ್ಟೆಯ ಕೆಂಪು ನೀರು ಹೇಗೆ ಆಯಿತು? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಅರಿಶಿನ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ. ಅದೇ ಕೆಂಪು ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅಜ್ಜಿ ಓಕುಳಿ ಕಲಸುವಾಗ ಮಾಡುತ್ತಿದ್ದುದು ಸೂಚಕದ ಪ್ರಯೋಗ. ಮುಂದಕ್ಕೆ ದಾಸವಾಳದ ರಸ: ಆಮ್ಲದಲ್ಲಿ ಗುಲಾಬಿಗೆಂಪು, ಪ್ರತ್ಯಾಮ್ಲದಲ್ಲಿ ಹಸಿರು. ಇದು ಮೂರು ನಿಮಿಷದ ವಿಡಿಯೊ, ಬೇಕಾದದ್ದು ಅಡುಗೆಮನೆಯ ನಾಲ್ಕು ಬಟ್ಟಲು.

ಸಮಾಜ ವಿಜ್ಞಾನದವರಿಗಂತೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳು ಬಂಗಾರದ ಗಣಿ. ಸಕಲೇಶಪುರದ ಮಂಜರಾಬಾದ್ ಕೋಟೆಯ ನಕ್ಷತ್ರಾಕಾರ ಗಣಿತಕ್ಕೂ ಬರುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋದರೆ ಅಲ್ಲಿರುವುದು ಶಾಸನದ ಪ್ರತಿಕೃತಿ, ಮೂಲ ಇರುವುದು ಮೈಸೂರಿನಲ್ಲಿ. ಇದನ್ನು ವಿಡಿಯೊದಲ್ಲಿ ಸರಿಯಾಗಿ ಹೇಳಿ. ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಗುಡಿಯ ಬಗ್ಗೆ ಪ್ರವಾಸಿ ವಿಡಿಯೊಗಳು ರಾಶಿಯಾಗಿವೆ. ಏಳನೆಯ ತರಗತಿಯ ಮಗು ಆ ಕಲ್ಲಿನ ಮುಂದೆ ನಿಂತು ಕೇಳಿದ ಪ್ರಶ್ನೆಗಳ ವಿಡಿಯೊ ನನಗಿನ್ನೂ ಸಿಕ್ಕಿಲ್ಲ.

ತಾಂತ್ರಿಕವಾಗಿ ಮೂರು ಮಾತು. ಮೊಬೈಲನ್ನು ಅಡ್ಡ ಹಿಡಿಯಿರಿ. ಒಂದು ವಿಡಿಯೊಗೆ ಒಂದೇ ಪರಿಕಲ್ಪನೆ. ಶೀಟ್ ಛಾವಣಿಯ ಕೊಠಡಿಯಾದರೆ ಮಳೆ ಬರುವ ಮುಂಚೆ ಮುಗಿಸಿ. ನನ್ನ ಮೊದಲ ವಿಡಿಯೊದಲ್ಲಿ ಪಾಠ ಮಾಡಿದ್ದು ನಾನಲ್ಲ, ಮಳೆ. ಯೂಟ್ಯೂಬ್‌ಗೆ ಹಾಕುವಾಗ ಮೊದಲು, ಕೊಂಡಿ ಇದ್ದವರಿಗಷ್ಟೇ ಕಾಣುವ ಆಯ್ಕೆಯಲ್ಲಿಟ್ಟು ಪುಟ್ಟ ಗುಂಪಿಗೆ ತೋರಿಸಿ. ತಪ್ಪುಗಳನ್ನು ಅವರು ಹುಡುಕಲಿ, ಊರು ಹುಡುಕುವುದು ಬೇಡ.

ಸರ್ಕಾರಿ ಶಾಲೆಯವರು 2021ರ ಕರ್ನಾಟಕ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳನ್ನು ಒಮ್ಮೆ ಕುಳಿತು ಓದಿ. ಪಾಠದ ಚರ್ಚೆ ಬೇರೆ, ಇಲಾಖೆಯ ನೀತಿಯನ್ನು ಸಾರ್ವಜನಿಕವಾಗಿ ಜಾಲಾಡುವುದು ಬೇರೆ. ಚಾನೆಲ್‌ನಿಂದ ಹಣ ಬರುವ ಹಂತ ತಲುಪಿದರೆ ಅದಕ್ಕೆ ಮೊದಲೇ ಮುಖ್ಯ ಶಿಕ್ಷಕರ ಮೂಲಕ ಲಿಖಿತ ಅನುಮತಿ ಕೇಳಿ.

ಎಂಟು: ನಂಬುವ ಮೊದಲು

ರಜೆ ಆದೇಶವಿರಲಿ, ವರ್ಗಾವಣೆ ಸುತ್ತೋಲೆಯಿರಲಿ, ದಿನಾಂಕ ನೋಡಿ, ಜಿಲ್ಲೆ ನೋಡಿ. ಕೊಡಗಿನ ರಜೆಯನ್ನು ಹಾಸನದವರು ಹಂಚಿಕೊಂಡು ಸಂಭ್ರಮಿಸಿದ ದಿನಗಳಿವೆ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ಜಿಲ್ಲಾಡಳಿತದ ಅಧಿಕೃತ ಖಾತೆಯಲ್ಲಿ ಇಲ್ಲದಿದ್ದರೆ ಕೊಡೆ ಹಿಡಿದು ಶಾಲೆಗೆ ಹೊರಡಿ. ಎಪಿಕೆ ಎಂದು ಕೊನೆಯಾಗುವ ಕಡತ ಮೊಬೈಲ್‌ನಲ್ಲಿ ಆ್ಯಪ್ ಕೂರಿಸುವಂಥದ್ದು, ಅದು ಮದುವೆ ಕರೆಯೋಲೆಯ ಹೆಸರಿನಲ್ಲಿ ಬಂದರೂ, ಸಹೋದ್ಯೋಗಿಯ ನಂಬರಿನಿಂದಲೇ ಬಂದರೂ ಒತ್ತಬೇಡಿ. ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಂಬತ್ತು: ಪರದೆಯಿಂದ ಕ್ಲಸ್ಟರ್‌ಗೆ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಬೆಳವಣಿಗೆಯಲ್ಲಿ ತೊಡಗಬೇಕೆನ್ನುತ್ತದೆ. 2017ರಲ್ಲಿ ಬಂದ ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯಲ್ಲಿ ಕೋರ್ಸುಗಳಿವೆ, ಪ್ರಮಾಣಪತ್ರವೂ ಬರುತ್ತದೆ. ಮೊಬೈಲನ್ನು ಕಿಟಕಿಯಲ್ಲಿ ಒರಗಿಸಿ ವಿಡಿಯೊ ಓಡಲು ಬಿಟ್ಟು ದಾಖಲೆ ಬರೆಯುವ ಕಲೆಯಲ್ಲಿ ನಾವೆಲ್ಲ ಪಳಗಿದ್ದೇವೆ, ಮುಚ್ಚಿಡುವುದೇನಿದೆ. ಹಾಗೆ ಮಾಡುವ ಬದಲು ಒಂದು ಕೋರ್ಸನ್ನು ಪುಟ್ಟ ಗುಂಪಿನವರು ಒಟ್ಟಿಗೆ ತೆಗೆದುಕೊಂಡು, ಪ್ರತಿ ಘಟಕದಿಂದ ತರಗತಿಗೆ ಒಯ್ಯಬಹುದಾದ ಒಂದೇ ಒಂದು ಸಂಗತಿಯನ್ನು ಶನಿವಾರ ಬರೆಯಿರಿ. ಸಮಯ ಅಷ್ಟೇ ಹಿಡಿಯುತ್ತದೆ, ಉಳಿಯುವುದು ಹೆಚ್ಚು.

ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋಗುವಾಗ ಕಾಗದದ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಕಿಅಂಶಗಳನ್ನು ಒಪ್ಪಿಸಿದ ಮೇಲೆ ಹದಿನೈದು ನಿಮಿಷ ಕೇಳಿದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಸಂತೋಷವಾಗಿಯೇ ಕೊಡುತ್ತಾರೆ. ಅವರಿಗೂ ಅಂಕಿಅಂಶ ಸಾಕಾಗಿರುತ್ತದೆ. ಮೊಬೈಲ್ ಬಳಸದ ಹಿರಿಯ ಶಿಕ್ಷಕರು ಸಿಗುವುದು ಅಲ್ಲೇ. ಸೇರು, ಪಾವುಗಳಿಂದ ಭಿನ್ನರಾಶಿ ಕಲಿಸಿದ ಪೀಳಿಗೆಯವರು ಇನ್ನೂ ಸೇವೆಯಲ್ಲಿದ್ದಾರೆ. ನಾಲ್ಕು ಪಾವು ಒಂದು ಸೇರು ಎಂಬುದು ಅವರಿಗೆ ಲೆಕ್ಕವಲ್ಲ, ಮನೆಯ ಅಕ್ಕಿ ಡಬ್ಬ. ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಗುಂಪಿಗೆ ಹಾಕಿ, ಅವರ ಹೆಸರಿನೊಂದಿಗೆ, ಅವರನ್ನು ಕೇಳಿ.

ಹತ್ತು: ಗುಂಪು ಮೌನವಾದಾಗ

ಆಗೇ ಆಗುತ್ತದೆ. ಮಾರ್ಚ್ ಬಂದರೆ ಪರೀಕ್ಷೆ, ಏಪ್ರಿಲ್‌ನಲ್ಲಿ ಮೌಲ್ಯಮಾಪನ, ನಡುವೆ ಸಮೀಕ್ಷೆ, ಚುನಾವಣೆ, ಮನೆಯ ಮದುವೆಗಳು. ‘ಯಾರಾದರೂ ಇದ್ದೀರಾ?’ ಎಂದು ಕೂಗಬೇಡಿ. ಗುಂಪನ್ನು ಬದುಕಿಸಲು ಜೋಕು ಹಾಕಬೇಡಿ, ಅಲ್ಲಿಂದಲೇ ಗುಲಾಬಿ ಹೂವುಗಳು ಮರಳಿ ಬರುವುದು. ಸುಮ್ಮನೆ ಬಿಡಿ. ಶಾಲೆ ತೆರೆದು, ದಾಖಲಾತಿ ಆಂದೋಲನ ಮುಗಿದು, ಪುಸ್ತಕಗಳನ್ನು ಹಂಚಿಯಾದ ಮೇಲೆ ಒಂದು ಶನಿವಾರ, ಕಳೆದ ವರ್ಷ ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನೇ ಮತ್ತೆ ಹಾಕಿ. ನನ್ನದು ಸಿದ್ಧವಿದೆ: 5/6ರಿಂದ 1/2 ಕಳೆಯಿರಿ ಎಂದರೆ ಅದೇ ಮಕ್ಕಳು 4/4 ಎನ್ನುತ್ತಾರೆ, ಅದೇ ಪಟ್ಟಿ ಕೈಯಲ್ಲಿದ್ದರೂ.